ಕೆರೆಗೆ ಹೆಸರಾದ ಸೇನಾ ಎಂಜಿನಿಯರ್: ರಿಚರ್ಡ್ ಸ್ಯಾಂಕಿ ಬದುಕು

ಮೈಸೂರಿನಿಂದ ಮಡಿಕೇರಿಗೆ ಹೊರಟ ಬಸ್ಸು ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆ ಮುಟ್ಟುವಷ್ಟರಲ್ಲಿ ಕಿಟಕಿಯಾಚೆ ಹತ್ತಾರು ಕೆರೆ ಕಟ್ಟೆಗಳು ಬಂದು ಹೋಗುತ್ತವೆ. ತಂಬಾಕಿನ ಹೊಲ, ಅದರ ಪಕ್ಕದಲ್ಲೊಂದು ಬ್ಯಾರನ್, ಅದರಾಚೆ ಏರಿಯ ಮೇಲೆ ಸಾಲು ಮರ, ತಗ್ಗಿನಲ್ಲಿ ಒಂದಿಷ್ಟು ಗದ್ದೆ. ಇವನ್ನೆಲ್ಲ ಯಾರು ಕಟ್ಟಿಸಿದರು ಎಂದು ಕೇಳಿದರೆ ಊರಿನವರು ಪಾಳೇಗಾರರ ಹೆಸರನ್ನೋ, ಅರಸರ ಹೆಸರನ್ನೋ, ಬಲಿಯಾದ ಸೊಸೆಯೊಬ್ಬಳ ಕತೆಯನ್ನೋ ಹೇಳುತ್ತಾರೆ. ಬಹಳಷ್ಟು ಕೆರೆಗಳಿಗೆ ಕಟ್ಟಿಸಿದವರ ಹೆಸರೇ ಇಲ್ಲ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಬೆಂಗಳೂರಿನಲ್ಲಿದೆ. ಮಲ್ಲೇಶ್ವರ ಮತ್ತು ಸದಾಶಿವನಗರದ ನಡುವಿನ ಸುಮಾರು 37 ಎಕರೆಯ ಕೆರೆಗೆ ಕಟ್ಟಿಸಿದವರ ಹೆಸರೇ ಹೆಸರು. ಬೆಳಗಿನ ವಾಯುವಿಹಾರಕ್ಕೆ ಬರುವ ನೂರಾರು ಮಂದಿ ದಿನವೂ ಆ ಹೆಸರನ್ನು ಉಚ್ಚರಿಸುತ್ತಾರೆ. ಪಕ್ಕದ ರಸ್ತೆಗೂ ಅದೇ ಹೆಸರು. 2023ರ ಆರಂಭದಲ್ಲಿ ಅಲ್ಲಿ ಮೇಲ್ಸೇತುವೆ ಕಟ್ಟಲು ಮರ ಕಡಿಯುವ ಪ್ರಸ್ತಾಪ ಬಂದಾಗ ನಿವಾಸಿಗಳು ಬೀದಿಗಿಳಿದು ಪ್ರತಿಭಟಿಸಿದ್ದರಿಂದ ಪತ್ರಿಕೆಗಳಲ್ಲಿ ಆ ಹೆಸರು ವಾರಗಟ್ಟಲೆ ಓಡಾಡಿತು. ಆದರೆ ಸ್ಯಾಂಕಿ ಎಂದರೆ ಯಾರು? ಎಲ್ಲಿಯವರು? ಅವರು ಮೈಸೂರು ಸೀಮೆಗೆ ಕೊಟ್ಟದ್ದು ಒಂದು ಕೆರೆಯನ್ನೇ?

ಅಲ್ಲ ಎಂಬುದೇ ಈ ಬರಹದ ತಿರುಳು. ಸ್ಯಾಂಕಿ ಅವರ ನಿಜವಾದ ಕೆಲಸವನ್ನು ನೋಡಬೇಕಾದದ್ದು ಬೆಂಗಳೂರಿನ ಆ ಕೆರೆಯಲ್ಲಿ ಅಲ್ಲ, ಹೆಸರಿಲ್ಲದ ಸಾವಿರಾರು ಕೆರೆಗಳಲ್ಲಿ.

ಐರ್ಲೆಂಡಿನ ಹುಡುಗ, ಮಡಿಕೇರಿಯ ಮಳೆ

ರಿಚರ್ಡ್ ಹಿರಾಮ್ ಸ್ಯಾಂಕಿ ಹುಟ್ಟಿದ್ದು 1829ರ ಮಾರ್ಚ್ 22ರಂದು, ಐರ್ಲೆಂಡಿನ ಟಿಪ್ಪರರಿ ಪ್ರಾಂತದ ರಾಕ್‌ವೆಲ್ ಕ್ಯಾಸಲ್‌ನಲ್ಲಿ. ಭೂಮಾಲೀಕ ಮನೆತನದ ನಾಲ್ಕನೆಯ ಮಗ. ಅಂಥ ಮನೆಗಳಲ್ಲಿ ಆಸ್ತಿ ಹಿರಿಯ ಮಗನಿಗೆ; ಉಳಿದವರು ಸೈನ್ಯವನ್ನೋ ಚರ್ಚನ್ನೋ ಹಿಡಿದು ಹೊಟ್ಟೆ ಹೊರೆಯಬೇಕಿತ್ತು. ಬಾಲಕ ಸ್ಯಾಂಕಿ ಸೇರಿದ್ದು ಈಸ್ಟ್ ಇಂಡಿಯಾ ಕಂಪೆನಿ ತನ್ನ ಸೇನಾಧಿಕಾರಿಗಳನ್ನು ತಯಾರಿಸುತ್ತಿದ್ದ ಅಡಿಸ್ಕೂಂಬ್ ಸೈನಿಕ ಶಾಲೆಯನ್ನು. ಅಲ್ಲಿ ಅವರಿಗೆ ಬಹುಮಾನ ತಂದುಕೊಟ್ಟದ್ದು ಯುದ್ಧ ವಿದ್ಯೆಯಲ್ಲ, ಚಿತ್ರಕಲೆ ಎಂಬುದು ಸೋಜಿಗದ ಸಂಗತಿ. ಮುಂದೆ ಬೆಂಗಳೂರಿನ ಕೆಂಪು ಕಟ್ಟಡಗಳ ನಕ್ಷೆ ಬರೆದ ಕೈ ಅದು ಎಂಬುದನ್ನು ನೆನೆದರೆ ಸೋಜಿಗ ಅಷ್ಟೇನೂ ಉಳಿಯುವುದಿಲ್ಲ.

1846ರ ನವೆಂಬರ್‌ನಲ್ಲಿ, 17ನೇ ವಯಸ್ಸಿಗೆ, ಮದ್ರಾಸ್ ಎಂಜಿನಿಯರ್ಸ್ ಪಡೆಗೆ ನೇಮಕವಾಯಿತು. ಇಂದು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಪೂರ್ವಜರು ಇವರೇ. ಸೇತುವೆ ಕಟ್ಟುವುದು, ಸುರಂಗ ತೋಡುವುದು, ಕೋಟೆ ಒಡೆಯುವುದು, ದಾರಿ ಮಾಡುವುದು ಈ ಪಡೆಯ ಕಸುಬು. ಯುದ್ಧವಿಲ್ಲದಾಗ ಅದೇ ಅಧಿಕಾರಿಗಳು ರಸ್ತೆ, ಕಾಲುವೆ, ಕಚೇರಿ ಕಟ್ಟಿಸುತ್ತಿದ್ದರು. ಸೇನೆಯ ಎಂಜಿನಿಯರ್ ಮತ್ತು ಸರ್ಕಾರದ ಎಂಜಿನಿಯರ್ ಎಂಬ ಭೇದ ಆಗ ತೆಳುವಾಗಿತ್ತು.

ಕನ್ನಡ ನಾಡಿಗೆ ಅವರು ಮೊದಲು ಬಂದದ್ದು 1848ರಲ್ಲಿ, ಮಡಿಕೇರಿಗೆ. ಕೊಡಗು ಕಂಪೆನಿಯ ಕೈಸೇರಿ ಆಗ ಕೇವಲ 14 ವರ್ಷವಾಗಿತ್ತು. ಹತ್ತೊಂಬತ್ತರ ಹರೆಯದ ಅಧಿಕಾರಿಗೆ ಅಲ್ಲಿನ ಮಳೆ ಏನು ಪಾಠ ಹೇಳಿತೋ ದಾಖಲೆಯಿಲ್ಲ. ಆದರೆ ಸಹ್ಯಾದ್ರಿಯಲ್ಲಿ ಸುರಿದ ಮಳೆಯೇ ಕಾವೇರಿಯಾಗಿ ಪಿರಿಯಾಪಟ್ಟಣದ ಕಡೆಯಿಂದ, ಲಕ್ಷ್ಮಣತೀರ್ಥವಾಗಿ ಹುಣಸೂರಿನ ಕಡೆಯಿಂದ, ಕಪಿಲೆಯಾಗಿ ಹೆಗ್ಗಡದೇವನಕೋಟೆಯ ಕಡೆಯಿಂದ ಬಯಲುಸೀಮೆಗೆ ಇಳಿಯುತ್ತದೆ. ಮುಂದೆ ಹದಿಮೂರು ವರ್ಷ ಅವರು ಲೆಕ್ಕ ಹಾಕಿದ್ದು ಇಂಥ ನೀರನ್ನೇ.

1850ರಲ್ಲಿ ನಾಗಪುರಕ್ಕೆ ವರ್ಗ. ಅಲ್ಲಿ ಕಟ್ಟಡಗಳ ಕೆಲಸದ ಜೊತೆಗೆ ಕಲ್ಲು, ಪಳೆಯುಳಿಕೆಗಳ ಹುಚ್ಚು ಹಿಡಿಯಿತು. ಮಧ್ಯ ಭಾರತದ ಭೂರಚನೆಯನ್ನು ಕುರಿತ ಅವರ ಲೇಖನ 1854ರಲ್ಲಿ ಲಂಡನ್ನಿನ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಬಂತು. 1856ರಲ್ಲಿ ಮದ್ರಾಸಿಗೆ ಬಂದು ಪೂರ್ವ ಕರಾವಳಿ ಕಾಲುವೆಯ ಉಸ್ತುವಾರಿ ಹೊತ್ತರು. ಸಮುದ್ರ ತೀರಕ್ಕೆ ಸಮಾನಾಂತರವಾಗಿ ಸಾಗುವ ಈ ಜಲಮಾರ್ಗದಲ್ಲಿ ದೋಣಿಗಳು ಉಪ್ಪು, ಸೌದೆ, ಧಾನ್ಯ ಹೊತ್ತು ಓಡಾಡುತ್ತಿದ್ದವು. ಇದನ್ನೇ ನಂತರದ ಕ್ಷಾಮ ಕಾಲದಲ್ಲಿ ವಿಸ್ತರಿಸಿ ಬಕಿಂಗ್‌ಹ್ಯಾಮ್ ಕಾಲುವೆ ಎಂದು ಕರೆದರು. ಸ್ಯಾಂಕಿ ನೌಕಾಪಡೆಯವರಲ್ಲ, ಆದರೆ ದೋಣಿ ಮತ್ತು ನೀರಿನೊಡನೆ ಅವರ ವೃತ್ತಿಯ ನಂಟು ಬೆಳೆದದ್ದು ಇಲ್ಲಿ. ಒಂದೇ ವರ್ಷದಲ್ಲಿ ಅದು ರಣರಂಗದಲ್ಲಿ ಬಳಕೆಗೆ ಬಂತು.

1857: ನಾವು ಯಾವ ದಡದಲ್ಲಿ ನಿಂತು ನೋಡಬೇಕು?

1857ರಲ್ಲಿ ಕಲ್ಕತ್ತೆಗೆ ವರ್ಗವಾದಾಗ ಉತ್ತರ ಭಾರತ ಹೊತ್ತಿ ಉರಿಯತೊಡಗಿತ್ತು. ಕಲ್ಕತ್ತೆಯ ಸ್ವಯಂಸೇವಕ ಅಶ್ವದಳಕ್ಕೆ ನಾಯಕರಾಗಿದ್ದ ಸ್ಯಾಂಕಿ ಕೆಲವೇ ತಿಂಗಳಲ್ಲಿ ಅಲಹಾಬಾದಿಗೆ, ಅಲ್ಲಿಂದ ಜೌನ್‌ಪುರದ ಪಡೆಯೊಂದಿಗೆ ಲಖನೌ ಕಡೆಗೆ ರಣರಂಗದ ಎಂಜಿನಿಯರ್ ಆಗಿ ನಡೆದರು. ಲಖನೌ ಮೇಲಿನ ದಾಳಿಗೆ ನೇಪಾಳದ ಜಂಗ್ ಬಹಾದೂರ್ ತಂದ ಗೂರ್ಖಾ ಸೈನ್ಯ ಘಾಘ್ರಾ ನದಿಯನ್ನು ದಾಟಬೇಕಿತ್ತು. ದೋಣಿಗಳನ್ನು ಸಾಲಾಗಿ ಕಟ್ಟಿ ಸೇತುವೆ ಮಾಡಿ ಸೈನ್ಯವನ್ನು ದಾಟಿಸುವ ಹೊಣೆ ಇವರದಾಯಿತು. ಕೋಟೆಯೊಂದರ ಮೇಲಿನ ದಾಳಿಯಲ್ಲಿ ತೋರಿದ ಸಾಹಸಕ್ಕಾಗಿ ವಿಕ್ಟೋರಿಯಾ ಕ್ರಾಸ್ ಪದಕಕ್ಕೆ ಹೆಸರು ಶಿಫಾರಸಾಯಿತು, ಪದಕ ಮಾತ್ರ ಬರಲಿಲ್ಲ. ಮೇಜರ್ ಹುದ್ದೆಯ ಗೌರವ ಬಂತು.

ಬ್ರಿಟಿಷ್ ಜೀವನಚರಿತ್ರೆಗಳಲ್ಲಿ ಇದು ವೀರಗಾಥೆ. ನಮಗೆ ಅಷ್ಟು ಸಲೀಸಲ್ಲ. ನಾವು ಪ್ರಥಮ ಸ್ವಾತಂತ್ರ್ಯ ಸಂಗ್ರಾಮವೆಂದು ಕರೆಯುವ ಹೋರಾಟವನ್ನು ಹತ್ತಿಕ್ಕಿದ ಸೈನ್ಯದ ಮುಂಚೂಣಿಯಲ್ಲಿ ಈ ಮನುಷ್ಯ ಇದ್ದರು. ಅವರ ಕೆರೆಯ ಏರಿಯ ಮೇಲೆ ನಡೆಯುವ ನಮಗೆ ಇದು ತಿಳಿದಿರಬೇಕು. ತಿಳಿದ ಮೇಲೂ ಅವರ ಎಂಜಿನಿಯರಿಂಗ್ ಕೆಲಸವನ್ನು ಅದರ ತೂಕಕ್ಕೆ ತೂಗುವುದು ಸಾಧ್ಯ ಎಂಬುದು ಈ ವರದಿಗಾರನ ಅನಿಸಿಕೆ.

ಯುದ್ಧ ಮುಗಿದ 1858ರಲ್ಲೇ ಉದಕಮಂಡಲದಲ್ಲಿ ಮದುವೆಯಾಯಿತು. ವಧು ಸೋಫಿಯಾ ಮೇರಿ, ಭಾರತದಲ್ಲಿ ನಾಗರಿಕ ಸೇವೆಯಲ್ಲಿದ್ದ ಡಬ್ಲ್ಯು.ಎಚ್. ಬೆನ್ಸನ್ ಅವರ ಮಗಳು. ಅಂದಿನ ಸೇನಾಧಿಕಾರಿಯ ಸಂಸಾರವೆಂದರೆ ವರ್ಗಾವಣೆಯ ಗಾಡಿಯ ಮೇಲಿನ ಸಂಸಾರ. ನೀಲಗಿರಿಯಲ್ಲಿ ರಸ್ತೆ, ಕಟ್ಟಡಗಳ ಕೆಲಸ ನೋಡಿಕೊಂಡು ನೆಲೆಯೂರುವ ಮೊದಲೇ ಬರ್ಮಾದ ಮೌಲ್ಮೇನ್‌ಗೆ ಹೋಗಬೇಕಾಯಿತು. 1861ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಮೇಲಷ್ಟೇ ಒಂದು ನೆಲೆ ಸಿಕ್ಕಿದ್ದು. ಅದು ಹದಿನಾರು ವರ್ಷದ ನೆಲೆ.

ಕಚೇರಿ ಕಟ್ಟಿದವರು

ಆಗ ಮೈಸೂರು ಹೆಸರಿಗೆ ಸಂಸ್ಥಾನ, ಆಡಳಿತ ಬ್ರಿಟಿಷರದು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಸಿದುಕೊಂಡ ಮೇಲೆ ಕಮಿಷನರ್‌ಗಳು ರಾಜ್ಯವಾಳುತ್ತಿದ್ದರು. ಮಾರ್ಕ್ ಕಬ್ಬನ್ 1861ರಲ್ಲಿ ನಿರ್ಗಮಿಸಿದ ಮೇಲೆ 1862ರಲ್ಲಿ ಬಂದವರು ಲೆವಿನ್ ಬೌರಿಂಗ್. ಹಳೆಯ ಮರಾಮತ್ ಇಲಾಖೆಯ ಜಾಗದಲ್ಲಿ 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತ್ತು. ಸ್ಯಾಂಕಿ ಅದಕ್ಕೆ ಮೊದಲು ಸಹಾಯಕರಾಗಿ ಬಂದು 1864ರಲ್ಲಿ ಮುಖ್ಯ ಎಂಜಿನಿಯರ್ ಆದರು. ಚೀಫ್ ಕಮಿಷನರ್ ಅವರ ಕಾರ್ಯದರ್ಶಿಯ ಹೊಣೆಯೂ ಜೊತೆಗೇ ಬಂತು. 1877ರ ತನಕ ಅದೇ ಕುರ್ಚಿ.

ಬೆಂಗಳೂರಿನ ಓದುಗರಿಗೆ ಇದರ ಫಲ ಕಣ್ಣೆದುರಿಗೇ ಇದೆ. ಟಿಪ್ಪುವಿನ ಅರಮನೆಯಲ್ಲಿ ಇಕ್ಕಟ್ಟಿನಲ್ಲಿದ್ದ 18 ಇಲಾಖೆಗಳಿಗಾಗಿ ಕಟ್ಟಿದ ಅಠಾರಾ ಕಚೇರಿ 1864ರಲ್ಲಿ ಆರಂಭವಾಗಿ 1868ರಲ್ಲಿ ಮುಗಿಯಿತು. ಗುತ್ತಿಗೆ ಹಿಡಿದು ಕಟ್ಟಿದವರು ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್. ವಿಧಾನಸೌಧದ ಎದುರಿನ ಆ ಕೆಂಪು ಸೌಧವೇ ನಮ್ಮ ಹೈಕೋರ್ಟ್. 1980ರ ದಶಕದಲ್ಲಿ ಅದನ್ನು ಕೆಡವಿ ಹೊಸದು ಕಟ್ಟುವ ಆಲೋಚನೆ ನಡೆದು, ನಾಗರಿಕರ ವಿರೋಧದಿಂದ ಉಳಿದುಕೊಂಡದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಕಟ್ಟಡದ ಹಿಂದೆ 1870ರಲ್ಲಿ ರೂಪಿಸಿದ ಉದ್ಯಾನಕ್ಕೆ ಮೊದಲು ಹಂಗಾಮಿ ಕಮಿಷನರ್ ಜಾನ್ ಮೀಡ್ ಅವರ ಹೆಸರಿತ್ತು, ನಂತರ ಕಬ್ಬನ್ ಪಾರ್ಕ್ ಆಯಿತು. 1877ರಲ್ಲಿ ಎದ್ದ ವಸ್ತುಸಂಗ್ರಹಾಲಯದ ಕಟ್ಟಡವೂ ಅವರದೇ. ತಾವು ರೂಪಿಸಿದ ಪಾರ್ಕಿಗೆ ಇನ್ನೊಬ್ಬರ ಹೆಸರು, ತಾವು ನಿಂತು ಕಟ್ಟಿಸದ ಕೆರೆಗೆ ತಮ್ಮ ಹೆಸರು. ಕೆರೆಯ ಮಾತಿಗೆ ಮುಂದೆ ಬರುತ್ತೇನೆ.

ಹೊಸ ಕೆರೆಗೆ ಜಾಗವೇ ಇಲ್ಲ!

ಕಟ್ಟಡಗಳು ಕಾಣುತ್ತವೆ, ಲೆಕ್ಕಪತ್ರ ಕಾಣುವುದಿಲ್ಲ. ಸ್ಯಾಂಕಿ ಅವರ ದೊಡ್ಡ ಕೆಲಸ ಒಂದು ಲೆಕ್ಕ.

ಮುಖ್ಯ ಎಂಜಿನಿಯರ್ ಎಂದರೆ ಹೊಸದನ್ನು ಕಟ್ಟಬೇಕು ಎಂಬುದು ಎಲ್ಲ ಕಾಲದ ನಂಬಿಕೆ. 1860ರ ದಶಕದಲ್ಲಿ ಮೈಸೂರು ಸೀಮೆಯ ನೀರಾವರಿಯನ್ನು ಅಳೆಯ ಹೊರಟ ಸ್ಯಾಂಕಿ ಅವರಿಗೆ ಕಂಡದ್ದು ಬೇರೆಯೇ ಚಿತ್ರ. 27,269 ಚದರ ಮೈಲಿ ವಿಸ್ತಾರದ ಸಂಸ್ಥಾನದಲ್ಲಿ ಹೆಚ್ಚುಕಡಿಮೆ ಶೇ 60ರಷ್ಟು ನೆಲ, ಅಂದರೆ 16 ಸಾವಿರ ಚದರ ಮೈಲಿಗೂ ಮಿಗಿಲಾದ ಪ್ರದೇಶ, ಆಗಲೇ ಕೆರೆಗಳ ಹಿಡಿತದಲ್ಲಿತ್ತು. ಅಲ್ಲಿ ಬಿದ್ದ ಮಳೆ ಒಂದಲ್ಲ ಒಂದು ಕೆರೆಯಲ್ಲಿ ನಿಲ್ಲದೆ ನದಿಗೆ ಹೋಗುವುದೇ ಅಪರೂಪ. ಇಷ್ಟು ನೆಲದಲ್ಲಿ ಹೊಸ ಕೆರೆಗೆ ತಾಣ ಹುಡುಕಬೇಕಾದರೆ ಎಂಜಿನಿಯರ್ ತಲೆ ಕೆರೆದುಕೊಳ್ಳಬೇಕು; ಹಾಗೆ ಹುಡುಕಿ ಕಟ್ಟಿದರೂ ಅದು ಕೆಳಗಿನ ಯಾವುದೋ ಹಳೆಯ ಕೆರೆಯ ನೀರನ್ನು ಕದ್ದಂತೆಯೇ ಎಂಬುದು ಅವರ ಟಿಪ್ಪಣಿಯ ಸಾರಾಂಶ. ಇದೆಲ್ಲ ಸ್ಥಳೀಯರ ತಾಳ್ಮೆಯ ದುಡಿಮೆಯಿಂದ ಆದದ್ದು ಎಂದೂ ಅವರು ಬರೆದಿಟ್ಟರು. ಆಳುವ ವರ್ಗದ ಅಧಿಕಾರಿಯೊಬ್ಬ ಆಳಿಸಿಕೊಳ್ಳುವವರ ಕುರಿತು ಹೀಗೆ ಬರೆದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಈ ಟಿಪ್ಪಣಿಗೆ ಜಾಗ ಕೊಟ್ಟಿದ್ದರಿಂದ ಅದು ಮುಂದಿನ ತಲೆಮಾರಿಗೆ ಉಳಿಯಿತು.

ಹಾಗಾದರೆ ಎಂಜಿನಿಯರ್ ಮಾಡಬೇಕಾದದ್ದೇನು? ಹಳ್ಳಿಯ ಬದುಕು ಬಲ್ಲವರಿಗೆ ಉತ್ತರ ಹೇಳಬೇಕಿಲ್ಲ. ನಮ್ಮ ಕೆರೆಗಳು ಒಂಟಿಯಲ್ಲ, ಸರಣಿಯಲ್ಲಿರುತ್ತವೆ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ ಸೇರುತ್ತದೆ, ಅದರ ಕೋಡಿ ಇನ್ನೊಂದಕ್ಕೆ. ಸರಣಿಯ ಮೇಲ್ತುದಿಯಲ್ಲಿ ಒಂದು ಏರಿ ಒಡೆದರೆ ನುಗ್ಗಿ ಬಂದ ನೀರನ್ನು ಕೆಳಗಿನ ಕೋಡಿ ತಾಳದು; ಒಂದರ ಹಿಂದೊಂದು ಏರಿ ಕೊಚ್ಚಿಹೋಗುತ್ತವೆ. ಒಡೆದ ಕೆರೆಯನ್ನಷ್ಟೇ ರಿಪೇರಿ ಮಾಡುವುದು ಅದುವರೆಗಿನ ರೂಢಿ. ಗಟ್ಟಿ ಬೇಡಿಕೆ ಇಟ್ಟ ಊರಿಗೆ ಹಣ, ಸುಮ್ಮನಿದ್ದ ಊರಿಗೆ ಹೂಳು.

ಸ್ಯಾಂಕಿ ಈ ಕ್ರಮವನ್ನು ತಲೆಕೆಳಗು ಮಾಡಲು ಹೊರಟರು. ಹಿಡಿಯಬೇಕಾದದ್ದು ಕೆರೆಯನ್ನಲ್ಲ, ಸರಣಿಯನ್ನು. ಒಂದು ಹಳ್ಳದ ಕಣಿವೆಯನ್ನು ಪೂರ್ತಿಯಾಗಿ ಅಳೆಯಬೇಕು. ಪ್ರತಿ ಕೆರೆಗೂ ಎಷ್ಟು ನೆಲದ ನೀರು ಬರುತ್ತದೆ, ಜೋರು ಮಳೆಗೆ ಎಷ್ಟು ಪ್ರವಾಹ ಬರಬಹುದು ಎಂದು ಲೆಕ್ಕ ಹಾಕಿ ಅದಕ್ಕೆ ತಕ್ಕ ಅಗಲದ ಕೋಡಿ, ಅದಕ್ಕೆ ತಕ್ಕ ಎತ್ತರದ ಏರಿ ಕಟ್ಟಿ ತೂಬು ಸರಿಪಡಿಸಬೇಕು. ಹಾಗೆ ಒಂದು ಮಟ್ಟಕ್ಕೆ ತಂದ ಮೇಲೆ ವರ್ಷ ವರ್ಷದ ಮಣ್ಣು ಕೆಲಸವನ್ನು ರೈತರಿಗೆ ಒಪ್ಪಿಸಬೇಕು. ಕೋಡಿಯ ಅಗಲ ಎಂಬುದು ಅಲ್ಲಿಯವರೆಗೆ ಅನುಭವದ ಮಾತಾಗಿತ್ತು. ಅದನ್ನು ಮೈಸೂರಿನಲ್ಲಿ ಕ್ರಮಬದ್ಧ ಗಣಿತಕ್ಕೆ ತಂದವರಲ್ಲಿ ಸ್ಯಾಂಕಿ ಮುಖ್ಯರು.

ರೈತರಿಗೆ ಒಪ್ಪಿಸುವ ಆ ಕೊನೆಯ ಮಾತಿನಲ್ಲಿ ಒಂದು ತೊಡಕಿತ್ತು. ಹಿಂದೆ ಕೆರೆ ಕಟ್ಟಿಸಿದವರಿಗೆ, ಕಾಪಾಡುವವರಿಗೆ ಕಟ್ಟುಕೊಡಗೆ, ದಸಬಂದ ಎಂದು ಮಾನ್ಯದ ಭೂಮಿ ಸಿಗುತ್ತಿತ್ತು. ತೂಬು ಎತ್ತಿ ಇಳಿಸುವ ನೀರಗಂಟಿಗೆ ಕಣದಲ್ಲಿ ಪಾಲು ಸಿಗುತ್ತಿತ್ತು. ಕಂದಾಯದ ಲೆಕ್ಕ ಬಿಗಿಯಾಗಿ, ಸರ್ವೇ ಬಂದು, ಎಲ್ಲ ಕೆರೆಯೂ ಸರ್ಕಾರದ್ದು ಎಂಬ ಭಾವನೆ ಗಟ್ಟಿಯಾದ ಮೇಲೆ ಊರಿನವರಿಗೆ ಕೆರೆಯ ಮೇಲೆ ಹಕ್ಕು ತಗ್ಗಿತು, ಹೊಣೆ ಮಾತ್ರ ಉಳಿಯಿತು. ಹಕ್ಕಿಲ್ಲದ ಕಡೆ ಯಾರು ಮಣ್ಣು ಹೊರುತ್ತಾರೆ? ಸ್ಯಾಂಕಿ ಲೆಕ್ಕದಲ್ಲಿ ಮಣ್ಣು, ಕಲ್ಲು, ನೀರು ಎಲ್ಲಕ್ಕೂ ಜಾಗವಿತ್ತು. ಈ ಪ್ರಶ್ನೆಗೆ ಇರಲಿಲ್ಲ. ಕೆರೆ ಹೂಳೆತ್ತುವ ಪ್ರತಿ ಯೋಜನೆಯೂ ಇಂದಿಗೂ ಇದೇ ಗೋಡೆಗೆ ಡಿಕ್ಕಿ ಹೊಡೆಯುತ್ತದೆ.

ನಮ್ಮ ನಾಲ್ಕು ತಾಲ್ಲೂಕುಗಳು

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಮತ್ತು ಇಂದಿನ ಕೃಷ್ಣರಾಜನಗರ, ಅಂದರೆ ಅಂದಿನ ಎಡತೊರೆ, ಆಗ ಅಷ್ಟಗ್ರಾಮ ವಿಭಾಗಕ್ಕೆ ಸೇರಿದ್ದವು. ಇಲ್ಲಿ ಕೆರೆಗಳ ಜೊತೆ ಇನ್ನೊಂದು ಬಗೆಯ ನೀರಾವರಿಯೂ ಇತ್ತು. ಕಾವೇರಿಗೆ ಅಡ್ಡಲಾಗಿ ಎಡತೊರೆ ಸೀಮೆಯ ಚಾಮರಾಜ ಅಣೆಕಟ್ಟೆ, ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿ ಹುಣಸೂರಿನ ಹನಗೋಡು ಅಣೆಕಟ್ಟೆ. ಇವು ನೀರನ್ನು ಕೂಡಿಡುವ ಜಲಾಶಯಗಳಲ್ಲ. ನದಿಯ ಮಟ್ಟವನ್ನು ತುಸು ಎತ್ತರಿಸಿ ನಾಲೆಗೆ ತಿರುಗಿಸುವ ಕಲ್ಲಿನ ಕಟ್ಟೆಗಳು. ಕೊಡಗಿನಲ್ಲಿ ಮಳೆ ಬಿದ್ದರೆ ಸಾಕು, ಊರಲ್ಲಿ ಮೋಡ ಕಾಣದಿದ್ದರೂ ನಾಲೆ ಹರಿಯುತ್ತದೆ. ಎಡತೊರೆಯ ಭತ್ತದ ಹೆಸರಿಗೆ ಇದೇ ಮೂಲ.

ಬ್ರಿಟಿಷರು ಬರುವ ಎಷ್ಟೋ ಮುಂಚಿನಿಂದ ಹರಿಯುತ್ತಿದ್ದ ಈ ನಾಲೆಗಳ ಉಸ್ತುವಾರಿ ಸ್ಯಾಂಕಿ ಕಾಲದಲ್ಲಿ ಅವರ ಇಲಾಖೆಯದಾಯಿತು. ಹಳೆಯ ಕಲ್ಲುಕಟ್ಟೆಗಳ ದುರಸ್ತಿ, ನಾಲೆಗಳ ಸೋರಿಕೆ ತಡೆ, ಹಳ್ಳಗಳನ್ನು ದಾಟುವ ಕಡೆ ಭದ್ರವಾದ ಕಟ್ಟಡ, ಇವೇ ಕೆಲಸ. ಮಿನುಗುವಂಥದ್ದು ಏನೂ ಇಲ್ಲ.

ಈ ಕಾಲುವೆಗಳ ಮೇಲೆ ಕುದುರೆ ಓಡಿಸಿದ ಅಧಿಕಾರಿಗಳಲ್ಲಿ ಜಾರ್ಜ್ ಸ್ಯಾಂಡರ್ಸನ್ ಎಂಬ ಯುವಕನೂ ಒಬ್ಬ. ಕಾಲುವೆ ಇಲಾಖೆಯಲ್ಲಿದ್ದುಕೊಂಡೇ ಕಾಡಿನ ಕಡೆ ಹೊರಳಿದ ಆತ 1874ರಲ್ಲಿ ಚಾಮರಾಜನಗರ ಸೀಮೆಯಲ್ಲಿ ಖೆಡ್ಡಾ ನಡೆಸಿ ಆನೆ ಹಿಂಡನ್ನೇ ಹಿಡಿದು ಹೆಸರುವಾಸಿಯಾದ. ಅದೇ ವಿದ್ಯೆ ಮುಂದೆ ಹೆಗ್ಗಡದೇವನಕೋಟೆಯ ಕಾಕನಕೋಟೆಗೆ ಬಂದು 1971ರ ಕೊನೆಯ ಖೆಡ್ಡಾದವರೆಗೆ ನಡೆಯಿತು. ಈತನ ತಂದೆ ಡೇನಿಯಲ್ ಸ್ಯಾಂಡರ್ಸನ್ 1858ರಲ್ಲಿ ರೀವ್ ಅವರ ಕನ್ನಡ ನಿಘಂಟನ್ನು ಪರಿಷ್ಕರಿಸಿ ಹೊರತಂದ ಪಾದ್ರಿ. ಅಪ್ಪ ಕನ್ನಡದ ಶಬ್ದ ಹಿಡಿದರು, ಮಗ ಆನೆ ಹಿಡಿದ. ದಾರಿ ತಪ್ಪಿದ ಮಾತು, ಆದರೂ ಹೇಳದೆ ಹೋಗಲು ಮನಸ್ಸು ಬರಲಿಲ್ಲ.

ಹುಣಸೂರಿಗೂ ಸೈನ್ಯಕ್ಕೂ ಹಳೆಯ ನಂಟಿದೆ. ಫಿರಂಗಿ ಎಳೆಯುವ ಅಮೃತಮಹಲ್ ದನಗಳ ಕೇಂದ್ರ ಇಲ್ಲಿತ್ತು. ಸೈನ್ಯಕ್ಕೆ ಬೇಕಾದ ಚರ್ಮದ ಸಾಮಾನು, ಕಂಬಳಿ, ಗಾಡಿಗಳು ಇಲ್ಲಿ ತಯಾರಾಗುತ್ತಿದ್ದವು. ಮದ್ರಾಸ್ ಸೈನ್ಯದಲ್ಲಿ ಸೇವೆ ಸಲ್ಲಿಸಿದ ಅಧಿಕಾರಿಗೆ ಹುಣಸೂರು ಅಪರಿಚಿತ ಹೆಸರಾಗಿರಲು ಸಾಧ್ಯವಿಲ್ಲ.

ಮಳೆಯೇ ಬಾರದಿದ್ದರೆ

ಮೈಸೂರಿನ ಸೇವೆಯ ನಡುವೆ ಆಸ್ಟ್ರೇಲಿಯಾದ ವಿಕ್ಟೋರಿಯಾ ಸರ್ಕಾರ ತನ್ನ ನೀರು ಪೂರೈಕೆ ಯೋಜನೆಗಳನ್ನು ಪರಿಶೀಲಿಸಲು ಇವರನ್ನು ಕರೆಸಿಕೊಂಡಿತು. ಮೈಸೂರಿನ ಕೆರೆಗಳಲ್ಲಿ ಕಲಿತ ವಿದ್ಯೆ ಮೆಲ್ಬರ್ನ್‌ವರೆಗೆ ಹೋಯಿತು. ಮರಳಿ ಬಂದು ನಾಲ್ಕೈದು ವರ್ಷಕ್ಕೆ ಎದುರಾದದ್ದು ಅವರ ವೃತ್ತಿಜೀವನದ ಅತಿ ಕಠಿಣ ಪರೀಕ್ಷೆ.

1875ರಲ್ಲಿ ಮಳೆ ಕೈಕೊಟ್ಟಿತು. 1876ರಲ್ಲಿ ಮತ್ತೆ. 1877ರಲ್ಲಿ ಜನ ದಾರಿಬದಿಯಲ್ಲಿ ಸಾಯತೊಡಗಿದರು. ಧಾತು ಸಂವತ್ಸರದ ಬರ ಎಂದು ಅಜ್ಜಿಯರು ಹೇಳುತ್ತಿದ್ದದ್ದು ಇದನ್ನೇ. 1871ರ ಜನಗಣತಿಯಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಜನ ಎಂಟೂವರೆ ಲಕ್ಷಕ್ಕೂ ಹೆಚ್ಚು ಕರಗಿತ್ತು.

ಕೆರೆ ಎಷ್ಟೇ ಭದ್ರವಾಗಿರಲಿ, ಅದು ಅದೇ ವರ್ಷದ, ಅದೇ ಊರಿನ ಮಳೆಯ ಮಗು. ಸರಣಿಯೆಲ್ಲ ಒಣಗಿದಾಗ ಸರಣಿಯ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಪೂರ್ವದ ಬಯಲು ಜಿಲ್ಲೆಗಳು ಬೆಂದುಹೋದದ್ದು ಹೀಗೆ. ಸ್ಯಾಂಕಿ ನಂಬಿದ್ದ ವ್ಯವಸ್ಥೆಯ ಮಿತಿಯನ್ನು ಬರವೇ ತೋರಿಸಿಕೊಟ್ಟಿತು. ಅದು ಅವರ ತಪ್ಪಲ್ಲ ಎನ್ನಬಹುದು; ಆದರೆ ಹೊಟ್ಟೆಗಿಲ್ಲದ ಜನರಿಗೆ ಕೂಲಿ, ಗಂಜಿ ಮುಟ್ಟಿಸುವಲ್ಲಿ ಇಡೀ ಆಡಳಿತ ತಡವಾಗಿ ಎಚ್ಚೆತ್ತಿತು ಎಂಬುದನ್ನು ಸಾವಿನ ಲೆಕ್ಕವೇ ಹೇಳುತ್ತದೆ. ಆಡಳಿತದ ಮೇಲ್ಪಂಕ್ತಿಯಲ್ಲಿದ್ದ ಮುಖ್ಯ ಎಂಜಿನಿಯರ್ ಅದರಿಂದ ಪೂರ್ತಿ ಹೊರಗುಳಿಯಲಾರರು. ಬರ ಪರಿಹಾರ ಕಾಮಗಾರಿಯಾಗಿ ಕೈಗೆತ್ತಿಕೊಂಡ ಬೆಂಗಳೂರು–ಮೈಸೂರು ರೈಲು ಮಾರ್ಗ 1882ರಲ್ಲಿ ಸಂಚಾರಕ್ಕೆ ತೆರೆಯುವ ಹೊತ್ತಿಗೆ ಅವರು ಇಲ್ಲಿರಲಿಲ್ಲ. 1877ರಲ್ಲೇ ಅವರಿಗೆ ಸಿಮ್ಲಾಕ್ಕೆ ವರ್ಗವಾಗಿತ್ತು.

ಮತ್ತೆ ಸಮವಸ್ತ್ರ, ಮತ್ತೆ ನೀರು

1878ರಲ್ಲಿ ಎರಡನೇ ಆಫ್ಘನ್ ಯುದ್ಧ. ಐವತ್ತರ ಅಂಚಿನಲ್ಲಿದ್ದ ಸ್ಯಾಂಕಿ ಕಂದಹಾರಿಗೆ ಹೊರಟ ಪಡೆಯ ಎಂಜಿನಿಯರ್ ದಳದ ಮುಖ್ಯಸ್ಥರಾಗಿ ಬೆಟ್ಟದ ಕಣಿವೆಗಳಲ್ಲಿ ಫಿರಂಗಿಗೆ ದಾರಿ ಮಾಡಿದರು. ಅದಕ್ಕೆ 1879ರಲ್ಲಿ ಸಿ.ಬಿ. ಗೌರವ. ಯುದ್ಧ ಮುಗಿಯುವ ಮೊದಲೇ ಮದ್ರಾಸ್ ಪ್ರಾಂತದ ಲೋಕೋಪಯೋಗಿ ಇಲಾಖೆಯ ಕಾರ್ಯದರ್ಶಿ ಹುದ್ದೆಗೆ ಕರೆ ಬಂತು. ಅಲ್ಲಿ ಶಾಸನ ಸಭೆಯ ಸದಸ್ಯತ್ವವೂ ದೊರೆಯಿತು.

ಇಲ್ಲೊಂದು ವಿಪರ್ಯಾಸ. ಮೈಸೂರಿನ ಕೆರೆಗಳನ್ನು ಭದ್ರಪಡಿಸಿದರೆ ಕೆಳಗಿನ ಮದ್ರಾಸಿಗೆ ಹರಿದು ಬರುವ ನೀರು ಕಡಿಮೆಯಾಗುತ್ತದೆ ಎಂಬ ತಕರಾರು ಬೆಳೆಯುತ್ತಿದ್ದ ಕಾಲವದು. ಹದಿಮೂರು ವರ್ಷ ಮೇಲಿನ ದಡದಲ್ಲಿ ಕುಳಿತು ಕೋಡಿ ಅಳೆದಿದ್ದವರು ಈಗ ಕೆಳಗಿನ ದಡದ ಕುರ್ಚಿಯಲ್ಲಿ ಕುಳಿತರು. ಆ ತಕರಾರೇ 1892ರ ಮೈಸೂರು–ಮದ್ರಾಸ್ ಒಪ್ಪಂದಕ್ಕೆ ದಾರಿಯಾಯಿತು. ಪಟ್ಟಿ ಮಾಡಿದ ನದಿಗಳ ಮೇಲೆ ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ಜಲಾಶಯ ಕಟ್ಟುವಂತಿಲ್ಲ ಎಂಬ ಷರತ್ತು ನಮ್ಮ ಕೊರಳಿಗೆ ಬಿದ್ದದ್ದು ಆಗ. ಕಾವೇರಿ ವಿವಾದ ಎಂದು ಪ್ರತಿ ಬೇಸಿಗೆಯಲ್ಲಿ ಮುಖಪುಟಕ್ಕೆ ಬರುವ ಸುದ್ದಿಯ ಬೇರು ಅಲ್ಲಿದೆ.

ಈಗ ಕೆರೆಯ ಮಾತು. ಸ್ಯಾಂಕಿ ಕೆರೆಯನ್ನು 1882ರಲ್ಲಿ ಕರ್ನಲ್ ಸ್ಯಾಂಕಿ ಕಟ್ಟಿಸಿದರು ಎಂದು ಎಲ್ಲೆಡೆ ಬರೆಯಲಾಗುತ್ತದೆ. ಬರದ ಏಟು ತಿಂದ ಬೆಂಗಳೂರಿನ ಕುಡಿಯುವ ನೀರಿಗಾಗಿ ಮಿಲ್ಲರ್ಸ್ ಕೆರೆ, ಧರ್ಮಾಂಬುಧಿ ಕೆರೆಗಳ ಜೊತೆ ಇದನ್ನು ಜೋಡಿಸಲಾಯಿತು. ಸರ್ಕಾರದ ಗಂಧದ ಕೊಠಿ ಹತ್ತಿರವಿದ್ದುದರಿಂದ ಗಂಧದ ಕೊಠಿ ಕೆರೆ ಎಂಬ ಹೆಸರೂ ಇತ್ತು. ಆದರೆ 1882ಕ್ಕೆ ಸ್ಯಾಂಕಿ ಮೈಸೂರು ಸೇವೆ ಬಿಟ್ಟು ಐದು ವರ್ಷವಾಗಿತ್ತು. ಸಂಸ್ಥಾನವೇ 1881ರ ಮಾರ್ಚ್‌ನಲ್ಲಿ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತ್ತು. ಏರಿಯ ಮೇಲೆ ನಿಂತು ಕೆಲಸ ಮಾಡಿಸಿದವರು ಬೇರೆಯವರಿರಬೇಕು. ಅವರ ಕಾಲದ ಚಿಂತನೆಗೆ ಅವರ ಹೆಸರಿಟ್ಟರು ಎಂದು ತಿಳಿಯುವುದೇ ದಿನಾಂಕಗಳಿಗೆ ಹೊಂದುವ ಮಾತು.

ಅದೇ 1882 ಸ್ಯಾಂಕಿ ಅವರ ಮನೆಗೆ ಕತ್ತಲೆ ತಂದ ವರ್ಷವೂ ಹೌದು. ಉದಕಮಂಡಲದಲ್ಲಿ ಕೈ ಹಿಡಿದು, ನೀಲಗಿರಿ, ಬೆಂಗಳೂರು, ಮದ್ರಾಸಿನ ಕಾಲವನ್ನೆಲ್ಲ ಹಂಚಿಕೊಂಡಿದ್ದ ಸೋಫಿಯಾ ತೀರಿಕೊಂಡರು. 24 ವರ್ಷದ ದಾಂಪತ್ಯ ಮುಗಿಯಿತು. ಎರಡು ವರ್ಷಕ್ಕೆ, 1884ರಲ್ಲಿ, ಭಾರತದ ಸೇವೆಯಿಂದಲೇ ನಿವೃತ್ತರಾಗಿ ಅವರು ಹಡಗು ಹತ್ತಿದರು. ಹದಿನೇಳರ ಹುಡುಗನಾಗಿ ನೇಮಕಗೊಂಡವರು ಲೆಫ್ಟಿನೆಂಟ್ ಜನರಲ್ ಗೌರವ ಹೊತ್ತು ಹೊರಟಾಗ 55 ವರ್ಷ.

ಹುಟ್ಟೂರಿನ ನೆಲ ಅವರನ್ನು ಕೆಲಸಕ್ಕೆ ಕರೆಯಿತು. ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷರಾಗಿ 1896ರವರೆಗೆ ದುಡಿದರು. ಅಲ್ಲಿ ಸಮಸ್ಯೆ ತಿರುಗುಮುರುಗು: ಮೈಸೂರಿನಲ್ಲಿ ಹರಿದುಹೋಗುವ ನೀರನ್ನು ನಿಲ್ಲಿಸಬೇಕಿತ್ತು, ಐರ್ಲೆಂಡಿನ ಜೌಗು ನೆಲದಲ್ಲಿ ನಿಂತ ನೀರನ್ನು ಹರಿಸಬೇಕಿತ್ತು. 1890ರಲ್ಲಿ ಡಬ್ಲಿನ್‌ನಲ್ಲಿ ಹೆನ್ರಿಯೆಟಾ ಎಂಬ ವಿಧವೆಯನ್ನು ಮದುವೆಯಾದರು. 1892ರಲ್ಲಿ ಕೆ.ಸಿ.ಬಿ. ಗೌರವದೊಂದಿಗೆ ಸರ್ ಪದವಿ ಬಂತು.

1908ರ ನವೆಂಬರ್ 11ರಂದು ಲಂಡನ್ನಿನಲ್ಲಿ, 79ನೇ ವಯಸ್ಸಿನಲ್ಲಿ ಸ್ಯಾಂಕಿ ನಿಧನರಾದರು. ಸಮುದ್ರ ತೀರದ ಹೋವ್ ಪಟ್ಟಣದಲ್ಲಿ ಅವರನ್ನು ಮಣ್ಣು ಮಾಡಲಾಯಿತು.

ಮೂರು ವರ್ಷದ ಬಳಿಕ, 1911ರ ನವೆಂಬರ್‌ನಲ್ಲಿ, ಕನ್ನಂಬಾಡಿಯಲ್ಲಿ ಕಾವೇರಿಗೆ ದೊಡ್ಡ ಕಟ್ಟೆ ಕಟ್ಟುವ ಕೆಲಸ ಶುರುವಾಯಿತು. ಅದು ಊರಿನ ಮಳೆಯನ್ನು ಕಾಯುವ ಕೆರೆಯಲ್ಲ, ಕೊಡಗಿನ ಮಳೆಯನ್ನು ಹಿಡಿದು ಬೇಸಿಗೆಗೆ ಉಳಿಸುವ ಜಲಾಶಯ. ಅದರ ಹಿನ್ನೀರು ಎಡತೊರೆ ಸೀಮೆಯತ್ತ ಹಬ್ಬಿ, ಸಾಗರಕಟ್ಟೆಯ ಬಳಿ ಲಕ್ಷ್ಮಣತೀರ್ಥವನ್ನು ತನ್ನೊಳಗೆ ಸೇರಿಸಿಕೊಂಡಿತು. ಹನಗೋಡಿನ ಹಳೆಯ ಕಟ್ಟೆಯಿಂದ ಕೋಡಿ ಬಿದ್ದ ನೀರು ಹುಣಸೂರನ್ನು ಹಾದು ಅಲ್ಲಿಗೇ ಹೋಗಿ ಸೇರುತ್ತದೆ.